ಒಂದೇ ಖಣದ ಎರಡು ಕುಲಾವಿ

ಹಜೀರಾ, ಸೂರತ್
11 ಆಗಸ್ಟ್ 2003

ಪೂಜ್ಯ ಅತ್ಯಾ ಅವರಿಗೆ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಈ ಸಲ ಅದನ್ನು ಬಿಟ್ಟು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಮಾಮಾ ಅವರ ಮಂಚದ ಪಕ್ಕದಲ್ಲೇ ಇದೆ. ಸೊಂಟದ ಎಲುಬು ಕೂಡುವವರೆಗೆ ಅವರ ತಲೆಗೆ ಯಾವ ಚಿಂತೆಯನ್ನೂ ಹಚ್ಚಬಾರದೆಂದು ನೀವೇ ಹೇಳಿದ್ದೀರಿ. ಅಲ್ಲದೆ ಫೋನಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ಕೂಡಲೇ ಉತ್ತರ ಕೊಡಬೇಕಾಗುತ್ತದೆ. ನನಗೆ ಈಗ ಅದು ಆಗುತ್ತಿಲ್ಲ.

ಶುಕ್ರವಾರ ನಮ್ಮ ಕಾಲೊನಿಯ ಡಾಕ್ಟರು ಸ್ಕ್ಯಾನ್ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿದರು. ಹೋದ ತಿಂಗಳು ಅವಳಿ ಎಂದು ಹೇಳಿ ಪೇಢೆ ಕೇಳಿದವರು ಇವರೇ. ಈ ಸಲ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ನಾಳೆಯೇ ವಡೋದರಾಕ್ಕೆ ಹೋಗಿ ಎಂದರು. ನಿಮ್ಮ ಮಗ ರಜೆ ಹಾಕಿದರು. ಹೋದೆವು.

ಅಲ್ಲಿಯ ದೊಡ್ಡ ಡಾಕ್ಟರು ಹೆಂಗಸು, ನಿಮ್ಮ ವಯಸ್ಸಿನವರು. ಅವರು ಹೇಳಿದ್ದು ಇಷ್ಟು. ಎರಡು ಕೂಸುಗಳಿಗೂ ಮಾಸು, ಅಂದರೆ ಪ್ಲಾಸೆಂಟಾ, ಒಂದೇ. ಅದರೊಳಗೆ ಇಬ್ಬರ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ. ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿದು ಹೋಗುತ್ತಿದೆ, ಹೋದಷ್ಟು ತಿರುಗಿ ಬರುತ್ತಿಲ್ಲ. ದೊಡ್ಡದು ನೀರಿನಲ್ಲಿ ತೇಲಾಡುತ್ತಿದೆ. ಸಣ್ಣದರ ಸುತ್ತ ನೀರೇ ಇಲ್ಲ, ಅದು ಗೋಡೆಗೆ ಅಂಟಿಕೊಂಡು ಕೂತಿದೆ. ನನ್ನ ಹೊಟ್ಟೆ ಒಮ್ಮೆಲೇ ಇಷ್ಟು ದೊಡ್ಡದಾದದ್ದು ಅದಕ್ಕೇ. ನೆರೆಯವರು ಅವಳಿ ಅಂದಮೇಲೆ ಹೀಗೇ ಎಂದಿದ್ದರು, ನಾನೂ ನಂಬಿದ್ದೆ.

ಉದ್ದನೆಯ ಸೂಜಿ ಚುಚ್ಚಿ ಎರಡು ಬಾಟಲಿಯಷ್ಟು ನೀರು ತೆಗೆದರು. ನಿಮ್ಮ ಮಗ ನನ್ನ ಪಾದ ಹಿಡಿದುಕೊಂಡು ನಿಂತಿದ್ದರು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ನಿಮ್ಮ ಸೊಸೆ,
ವರ್ಷಿಣಿ


ಮಣಿನಗರ, ಅಹಮದಾಬಾದ್
14 ಆಗಸ್ಟ್ 2003

ಚಿ. ಸೌ. ವರ್ಷಿಣಿಗೆ ಆಶೀರ್ವಾದಗಳು.

ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿನ್ನ ಕಾಗದ ಓದಿದೆ. ಹೊರಗೆ ಬಂದರೆ ನಿನ್ನ ಮಾಮಾ, "ಸೊಸಿ ಏನ ಬರದಾಳ?" ಅಂದರು. ನಿಂಬೆಕಾಯಿ ಉಪ್ಪಿನಕಾಯಿ ಕೇಳ್ಯಾಳ ಅಂದೆ. ಈಗ ಅದನ್ನು ಹಾಕಬೇಕಾಗಿದೆ. ಮಲಗಿದ ಗಂಡಸಿಗೆ ಕಿವಿ ಮಾತ್ರ ಓಡಾಡುತ್ತಿರುತ್ತವೆ.

ನಿನ್ನ ಕಾಗದ ಬಂದಾಗ ನಾನು ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ಗುಳೇದಗುಡ್ಡದ ಒಂದು ರವಿಕೆ ಖಣ ನನ್ನ ಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಅದರಲ್ಲಿ ಎರಡು ಕುಲಾವಿ ಕತ್ತರಿಸಿ ಹೊಲಿಯುತ್ತಿದ್ದೆ. ಮಾಮಾ ಕನ್ನಡಕ ಏರಿಸಿ ನೋಡಿ, "ಕೂಸು ಹುಟ್ಟೂ ಮುಂಚೆ ಕುಲಾವಿ ಅಂತ ಗಾದಿ ಮಾಡಿದವರು ನಿನ್ನ ನೋಡೇ ಮಾಡ್ಯಾರ" ಎಂದು ನಕ್ಕರು. ನಾನೂ ನಕ್ಕೆ. ಹುಟ್ಟುವ ಮೊದಲು ಹೊಸಬಟ್ಟೆ ಹೊಲಿಯಬಾರದೆಂದು ನನ್ನ ತಾಯಿ ಹೇಳುತ್ತಿದ್ದಳು. ಎರಡೆಂದು ಕೇಳಿ ನನಗೆ ತಡೆಯಲಾಗಲಿಲ್ಲ. ಹೊಲಿಗೆಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ನೀನು ಹೇಳುತ್ತೀ, ಶಾಲೆಯಲ್ಲಿ ಫಿಜಿಕ್ಸ್ ಕಲಿಸುವವಳು. ಇರಲಿ, ಒಂದು ಸಲ ಬರೆದು ಕಳಿಸು. ನನಗೆ ಓದಬೇಕಾಗಿದೆ.

ನೀರು ತೆಗೆದರು, ಸರಿ. ಒರತೆ ಇರುವ ಬಾವಿ ಮತ್ತೆ ತುಂಬುವುದಿಲ್ಲವೇ? ಮುಂದೇನು ಎಂದು ಆ ಡಾಕ್ಟರಿಗೆ ಕೇಳು. ದಾರಿ ಎಷ್ಟಿವೆ, ಯಾವ ದಾರಿಗೆ ಏನು ಗಂಡಾಂತರ, ದಡ್ಡಿಗೆ ತಿಳಿಸಿದ ಹಾಗೆ ತಿಳಿಸಿ ಬರೆ. ನಾನು ಬರಬೇಕೆಂದರೆ ಇವರನ್ನು ಎತ್ತಿ ಕೂರಿಸುವವರು ಬೇರೆ ಯಾರೂ ಇಲ್ಲ. ನಿನ್ನ ತಾಯಿ ಇದ್ದಿದ್ದರೆ ಹೀಗೆ ದೂರ ಕೂತು ಕಾಗದ ಬರೆಯುತ್ತಿರಲಿಲ್ಲ. ಅದು ನನಗೆ ಚುಚ್ಚುತ್ತದೆ.

ತುರ್ತಿದ್ದರೆ ಕೆಳಗಿನ ಮನೆಯ ಹಂಸಾಬೆನ್ ಅವರ ಫೋನಿಗೆ ಮಾಡಲು ಅನಿರುದ್ಧನಿಗೆ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ಸುಲೋಚನಾ


ಹಜೀರಾ, ಸೂರತ್
19 ಆಗಸ್ಟ್ 2003

ಅತ್ಯಾ,

ಹೊಲಿಗೆಗೂ ಇದಕ್ಕೂ ಸಂಬಂಧವಿಲ್ಲ. ಕೂಸು ಒಡೆದು ಎರಡಾಗುವ ಹೊತ್ತಿಗೆ ನನಗೇ ಬಸುರಿಯೆಂದು ಗೊತ್ತಿರುವುದಿಲ್ಲ. ಆಗ ಹೇಗೆ ಒಡೆಯಿತೋ ಹಾಗೆ. ಯಾರೂ ಏನೂ ಮಾಡಿದ್ದಲ್ಲ.

ಬಾವಿ ಮತ್ತೆ ತುಂಬಿತು. ನೀವು ಕೇಳಿದ್ದನ್ನೇ ಡಾಕ್ಟರಿಗೆ ಕೇಳಿದೆ. ಯಾರು ಹೇಳಿಕೊಟ್ಟರು ಎಂದರು. ನನ್ನ ಅತ್ತೆ ಎಂದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು ಹೇಳಿದರು.

ಹೀಗೇ ಮತ್ತೆ ಮತ್ತೆ ನೀರು ತೆಗೆಯುತ್ತ ಹೋಗಬಹುದು. ಕೆಲವರಿಗೆ ಎರಡೂ ಉಳಿದಿವೆ, ಕೆಲವರಿಗೆ ಎರಡೂ ಹೋಗಿವೆ. ನಮ್ಮದರಲ್ಲಿ ತೊಂದರೆ ಆಗಲೇ ಮುಂದೆ ಹೋಗಿದೆ, ಸಣ್ಣದರ ಹೊಕ್ಕುಳಬಳ್ಳಿಯಲ್ಲಿ ರಕ್ತ ಸರಿಯಾಗಿ ಓಡುತ್ತಿಲ್ಲ. ಅದು ತಾನಾಗಿ ಹೋದರೆ, ಕೂಡಿಕೊಂಡ ನಾಳಗಳಲ್ಲಿ ದೊಡ್ಡದರ ರಕ್ತ ಒಮ್ಮೆಲೇ ಆ ಕಡೆ ನುಗ್ಗುತ್ತದೆ. ಆಗ ದೊಡ್ಡದೂ ಹೋಗಬಹುದು, ಇಲ್ಲವೆ ಮಿದುಳಿಗೆ ಪೆಟ್ಟಾಗಿ ಉಳಿಯಬಹುದು. ಹೊರದೇಶದಲ್ಲಿ ಲೇಸರಿನಿಂದ ಆ ನಾಳಗಳನ್ನಷ್ಟೇ ಸುಟ್ಟು ಬೇರೆ ಮಾಡುತ್ತಾರಂತೆ. ಇಲ್ಲಿ ಅವರಿಗೆ ತಿಳಿದ ಮಟ್ಟಿಗೆ ಯಾರೂ ಮಾಡುವುದಿಲ್ಲ, ಈ ಸ್ಥಿತಿಯಲ್ಲಿ ನಾನು ವಿಮಾನ ಹತ್ತುವಂತೆಯೂ ಇಲ್ಲ. ಉಳಿದದ್ದು ಒಂದು. ಸಣ್ಣದರ ಹೊಕ್ಕುಳಬಳ್ಳಿಯನ್ನು ಒಳಗೇ ಸುಟ್ಟು ಮುಚ್ಚಿಬಿಡುವುದು. ಅದರ ಗುಂಡಿಗೆ ಅಲ್ಲಿಗೆ ನಿಲ್ಲುತ್ತದೆ. ದೊಡ್ಡದು ಹೆಚ್ಚಾಗಿ ಉಳಿಯುತ್ತದೆ, ಖಾತ್ರಿ ಕೊಡಲಾರೆ ಎಂದರು. ಮುಂಬೈಯಿಂದ ಬರುವ ಒಬ್ಬ ಡಾಕ್ಟರು ಅದನ್ನು ಮಾಡುತ್ತಾರೆ. ಇಪ್ಪತ್ತು ವಾರ ದಾಟಿದರೆ ಕಾನೂನು ಒಪ್ಪುವುದಿಲ್ಲ. ಬರುವ ಮಂಗಳವಾರದೊಳಗೆ ಹೇಳಬೇಕು.

ರಕ್ತ ಕೊಡುವ ಸಣ್ಣದು ಒಣಗುತ್ತಿದೆ ಎಂದು ನನಗೆ ತಿಳಿದಿತ್ತು. ಇಸಿದುಕೊಳ್ಳುವುದಾದರೂ ಚೆನ್ನಾಗಿದೆಯೇ ಎಂದರೆ ಅದೂ ಇಲ್ಲ. ಬಂದದ್ದೆಲ್ಲ ಹೊತ್ತು ಅದರ ಗುಂಡಿಗೆ ಸೋಲುತ್ತಿದೆಯಂತೆ.

ಇವರು ನಿನ್ನೆ ಊಟದ ಮೇಜಿನ ಮೇಲೆ ಎರಡು ವೃತ್ತ ಬರೆದು ನಡುವೆ ಗೆರೆ ಎಳೆದರು. "ಪ್ಲಾಂಟಿನ್ಯಾಗ ಆಗಿದ್ರ ಏನ ಮಾಡ್ತಿದ್ವಿ? ಒಂದ ಲೈನ್ ಬಂದ್ ಮಾಡಿ ಇನ್ನೊಂದು ವೆಸಲ್ ಉಳಿಸ್ಕೋತಿದ್ವಿ" ಎಂದರು. ಹೇಳಿ, ಎದ್ದು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡರು. ಆಮೇಲೆ ಮೇಜು ಒರೆಸಿದರು.

ಅತ್ಯಾ, ನನ್ನನ್ನು ಸೊಸೆ ಮಾಡಿಕೊಳ್ಳುವ ಮುಂಚೆ ನೀವು ಹನುಮಪ್ಪನಿಗೆ ಹೂವು ಏರಿಸಿ ಪ್ರಸಾದ ಕೇಳಿದ್ದಿರಿ. ಬಲಗಡೆಯ ಹೂವು ಬಿತ್ತಂತೆ. ಎಡಗಡೆಯದು ಬಿದ್ದಿದ್ದರೆ ನಾನು ಇನ್ಯಾರ ಮನೆಯಲ್ಲಿರುತ್ತಿದ್ದೆನೋ ಎಂದು ನಾನು ನಗುತ್ತಿದ್ದೆ. ಈಗ ಕೇಳುತ್ತಿದ್ದೇನೆ, ಹೂವು ಏರಿಸಿ. ಅವನು ಹೇಳಿದ ಹಾಗೆ ಮಾಡುತ್ತೇನೆ. ನನ್ನಿಂದ ಯೋಚನೆ ಮಾಡಲಾಗುತ್ತಿಲ್ಲ. ತಲೆಯಲ್ಲಿ ಹತ್ತಿ ತುಂಬಿದ ಹಾಗಿದೆ.

ವರ್ಷಿಣಿ


ಮಣಿನಗರ, ಅಹಮದಾಬಾದ್
23 ಆಗಸ್ಟ್ 2003, ಶ್ರಾವಣ ಶನಿವಾರ

ವರ್ಷಿಣಿ,

ನಸುಕಿನಲ್ಲಿ ಮಡಿಯುಟ್ಟು ಹನುಮಪ್ಪನ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂವು ಏರಿಸಿದೆ. ಬಲಗಡೆಯದು ಬಿದ್ದರೆ ಮಾಡಿಸುವುದು, ಎಡಗಡೆಯದು ಬಿದ್ದರೆ ಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡು ಕೈಮುಗಿದು ಕೂತೆ. ತುಸು ಹೊತ್ತಿಗೆ ಒಂದು ಹೂವು ಜಾರತೊಡಗಿತು. ಯಾವ ಕಡೆಯದು ಎಂದು ನಿನಗೆ ಹೇಳುವುದಿಲ್ಲ. ಅದು ಬೀಳುವ ಮೊದಲೇ ಎದ್ದು ಎರಡನ್ನೂ ತೆಗೆದುಬಿಟ್ಟೆ. ಈ ಮನೆಗೆ ಬಂದಾಗಿನಿಂದ ಇಂಥ ಕೆಲಸ ಎಂದೂ ಮಾಡಿದವಳಲ್ಲ.

ಯಾಕೆಂದು ಹೇಳುತ್ತೇನೆ. ದೇವರ ಪ್ರಸಾದದ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಇವತ್ತು ನಿನಗೆ ಅಳುವೂ ಇಲ್ಲ, ಸಿಟ್ಟೂ ಇಲ್ಲ. ನಾಳೆ ಬಂದೇ ಬರುತ್ತದೆ. ಅದನ್ನು ಎಲ್ಲಿ ಹಾಕುತ್ತೀ? ಗಂಡನ ಮೇಲೆ ಹಾಕಿದರೆ ಸಂಸಾರ ಕೆಡುತ್ತದೆ. ನಿನ್ನ ಮೇಲೆ ನೀನೇ ಹಾಕಿಕೊಂಡರೆ ನೀನು ಉಳಿಯುವುದಿಲ್ಲ. ಹನುಮಪ್ಪನ ಮೇಲೆ ಹಾಕಿದರೆ ಆಮೇಲೆ ದೀಪ ಹಚ್ಚಲು ಕೈ ಬರುವುದಿಲ್ಲ. ಅತ್ತೆಯ ಮೇಲೆ ಹಾಕು. ಅತ್ತೆ ಅಂತ ಒಬ್ಬಳು ಇರುವುದು ಮತ್ತೇತಕ್ಕೆ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರ ನಡುವೆ ಅಂಥ ಕಾಲವೇ ಬಂದಿರಲಿಲ್ಲ, ಓಣಿಯ ಹೆಂಗಸರಿಗೆ ಬೇಜಾರಾಗಿತ್ತು.

ಈಗ ಕೇಳು. ಸಣ್ಣದರ ಬಳ್ಳಿ ಮುಚ್ಚಿಸು. ಇದು ದೇವರ ಮಾತಲ್ಲ, ಡಾಕ್ಟರ ಮಾತಲ್ಲ, ಅನಿರುದ್ಧನ ಮಾತೂ ಅಲ್ಲ. ನಾನು ಹೇಳುತ್ತಿದ್ದೇನೆ. ಅತ್ತೆ ಹೇಳಿದಳು, ಮಾಡಿದೆ ಎಂದುಕೋ. ಯಾರು ಕೇಳಿದರೂ ಹಾಗೆಯೇ ಹೇಳು. ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈದುಕೋ, ಸಾಯುವವರೆಗೆ ಬೈದುಕೋ.

ಬರೆದೆ. ಲಕೋಟೆಗೆ ಹಾಕುತ್ತೇನೆ.

ಸುಲೋಚನಾ


ಹಜೀರಾ, ಸೂರತ್
4 ಸೆಪ್ಟೆಂಬರ್ 2003

ಅತ್ಯಾ,

ನಿಮ್ಮ ಕಾಗದ ಮುಟ್ಟಿತು. ಆಯಿತು. ಒಂದು ಗುಂಡಿಗೆ ಕೇಳಿಸುತ್ತದೆ. ಮಲಗಿಯೇ ಇರಬೇಕೆಂದು ಹೇಳಿದ್ದಾರೆ. ಮಲಗಿದ್ದೇನೆ. ಕಿಟಕಿಯಿಂದ ಕಾರ್ಖಾನೆಯ ಚಿಮಣಿಯ ಬೆಂಕಿ ಕಾಣುತ್ತದೆ. ಊಟ ಮಾಡುತ್ತೇನೆ, ರುಚಿ ತಿಳಿಯುವುದಿಲ್ಲ. ಬರೆಯಲು ಮತ್ತೇನೂ ಇಲ್ಲ.

ವರ್ಷಿಣಿ


ಮಣಿನಗರ, ಅಹಮದಾಬಾದ್
13 ಸೆಪ್ಟೆಂಬರ್ 2003

ಚಿ. ಸೌ. ವರ್ಷಿಣಿಗೆ,

ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದೇ ಬರೆ. ಖಾಲಿ ಹಾಳೆ ಕಳಿಸಿದರೂ ನಡೆಯುತ್ತದೆ, ಮೇಲೆ ನಿನ್ನ ಕೈಯ ವಿಳಾಸ ಇದ್ದರೆ ಸಾಕು.

ನಿನ್ನ ಮಾಮಾ ವಾಕರ್ ಹಿಡಿದು ಬಾಗಿಲತನಕ ಹೋದರು. ಹೋಗಿ, ಅಲ್ಲಿಂದ ನನ್ನನ್ನು ಕೂಗಿದರು, ತಿರುಗುವುದು ಹೇಗೆಂದು ಗೊತ್ತಿರಲಿಲ್ಲ. ನಗು ಬಂತು. ನಕ್ಕದ್ದಕ್ಕೆ ಆಮೇಲೆ ಬೇಸರವಾಯಿತು.

ಏಳನೆಯ ತಿಂಗಳಲ್ಲಿ ಬಸುರಿಗೆ ಕುಬಸ ಮಾಡುವುದು ನಮ್ಮಲ್ಲಿ ಬಿಟ್ಟದ್ದಿಲ್ಲ. ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬಬೇಕು. ಮಾಡಲೋ ಬೇಡವೋ ನೀನು ಹೇಳಿದ ಹಾಗೆ. ಉಪ್ಪಿನಕಾಯಿ ಕಳಿಸಿದ್ದೇನೆ, ರುಚಿ ತಿಳಿಯದಿದ್ದರೂ ನೆಕ್ಕು.

ಸುಲೋಚನಾ


ಹಜೀರಾ, ಸೂರತ್
18 ಅಕ್ಟೋಬರ್ 2003

ಅತ್ಯಾ,

ಕುಬಸ ಬೇಡ. ಬಳೆ ಬೇಡ. ನೀವು ಕಳಿಸಿದ ಮೂರು ಕಾಗದಗಳಿಗೂ ಬೇಕೆಂದೇ ಉತ್ತರ ಬರೆಯಲಿಲ್ಲ.

ಪಕ್ಕದ ಮನೆಯ ಬೆನ್ ನನ್ನ ಹೊಟ್ಟೆ ನೋಡಿದಾಗಲೆಲ್ಲ "ಬೇ ಛೇ ನೇ?" ಎಂದು ಎರಡು ಬೆರಳು ತೋರಿಸುತ್ತಾರೆ. ಹೌದು ಎನ್ನುತ್ತೇನೆ. ಸುಳ್ಳಲ್ಲ. ಎರಡೂ ಒಳಗೇ ಇವೆ. ಸಣ್ಣದು ಅಲ್ಲೇ ಒಣಗುತ್ತದೆ, ಹೆರಿಗೆಯಲ್ಲಿ ಅದೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ದೊಡ್ಡದು ಒದೆಯುತ್ತದೆ. ಒದ್ದಾಗಲೆಲ್ಲ ಅದರ ಪಕ್ಕದಲ್ಲಿ ಏನಿದೆ ಎಂದು ನೆನಪಾಗುತ್ತದೆ. ಕೈಕಾಲು ಆಡಿಸಲು ಈಗ ಅದಕ್ಕೆ ಬೇಕಾದಷ್ಟು ಜಾಗ.

ನೀವು ಹೇಳಿದಿರಿ. ದೇವರ ಭುಜದ ಮೇಲಿಂದ ಹೂವು ಕಿತ್ತುಕೊಂಡು ಹೇಳಿದಿರಿ. ಎಡಗಡೆಯದು ಜಾರಿದ್ದರೆ? ತಾಳು, ಕಾದು ನೋಡು ಎಂದು ಅವನು ಹೇಳುತ್ತಿದ್ದರೆ? ಅದನ್ನು ತಿಳಿದುಕೊಳ್ಳುವ ಹಕ್ಕು ನನಗೆ ಇರಲಿಲ್ಲವೇ? ನೀವು ಅಡುಗೆಮನೆಯಲ್ಲಿ ಕೂತು ಬರೆದಿರಿ. ಮೇಜಿನ ಮೇಲೆ ಮಲಗಿದ್ದು ನಾನು. ಪರದೆಯಲ್ಲಿ ಸಣ್ಣದರ ಗುಂಡಿಗೆ ಬಡಿಯುವುದು ಮೊದಲು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಯಾರೂ ನನಗೆ ಕಣ್ಣು ಮುಚ್ಚು ಎನ್ನಲಿಲ್ಲ. ಒಂದನ್ನು ಹಡೆದು ಬೆಳೆಸಿದ ಹೆಂಗಸಿಗೆ ಇನ್ನೊಬ್ಬಳ ಕೂಸಿನ ಬಗ್ಗೆ ಹಾಗೆ ಬರೆಯಲು ಕೈ ಹೇಗೆ ಬಂತು? ಮಡಿ, ಮಂತ್ರ, ಶ್ರಾವಣ ಶನಿವಾರ. ನಿಮ್ಮ ಹೆಸರು ಕೇಳಿದರೆ ನನ್ನ ಮೈ ಉರಿಯುತ್ತದೆ.

ಹೆರಿಗೆಗೆ ನೀವು ಬರಬೇಡಿ. ನಾನಾಗಿ ಕರೆಯುವವರೆಗೆ ಬರಬೇಡಿ. ಇವರಿಗೂ ಹೇಳಿದ್ದೇನೆ.

ವರ್ಷಿಣಿ


ಮಣಿನಗರ, ಅಹಮದಾಬಾದ್
25 ಅಕ್ಟೋಬರ್ 2003, ದೀಪಾವಳಿ

ವರ್ಷಿಣಿ,

ಕಾಗದ ಬಂತು. ಚೆನ್ನಾಗಿ ಬೈದಿದ್ದೀ. ಇನ್ನೂ ಉಳಿದಿದ್ದರೆ ಬರೆ, ಒಳಗೆ ಇಟ್ಟುಕೊಳ್ಳಬೇಡ.

ಕರೆಯುವವರೆಗೆ ಬರುವುದಿಲ್ಲ. ಕರೆದ ದಿನ ಬರುತ್ತೇನೆ.

ಊರೆಲ್ಲ ಪಟಾಕಿ. ನಾವು ಒಂದು ಹಣತೆ ಹಚ್ಚಿದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣು.

ಸುಲೋಚನಾ


ವಡೋದರಾ
14 ಡಿಸೆಂಬರ್ 2003

ಅತ್ಯಾ,

ಹುಟ್ಟಿದ ದಿನವೇ ಇವರು ನಿಮಗೆ ಫೋನಿನಲ್ಲಿ ಹೇಳಿದ್ದಾರೆ. ಹೆಣ್ಣು ಕೂಸು. ದಿನ ತುಂಬುವ ಮೊದಲೇ ಬಂದದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಮೊನ್ನೆ ನನ್ನ ಕೈಗೆ ಕೊಟ್ಟರು. ತಲೆಯ ಸ್ಕ್ಯಾನ್ ಮಾಡಿದ್ದಾರೆ, ಕೆಟ್ಟದ್ದೇನೂ ಕಂಡಿಲ್ಲ. ಮುಂದೆ ನೋಡುತ್ತಿರಬೇಕು ಎಂದಿದ್ದಾರೆ.

ಹೆಣ್ಣೋ ಗಂಡೋ ಎಂದು ಇಷ್ಟು ದಿನ ಯಾರೂ ಹೇಳುವಂತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಹೆಣ್ಣು ಎಂದು ನರ್ಸು ಕೂಗಿದ ಕೂಡಲೇ ತಿಳಿಯಿತು, ಇನ್ನೊಂದೂ ಹೆಣ್ಣೇ ಆಗಿತ್ತು. ಅವಳೂ ಬಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿ ಇಟ್ಟರು. ನಾನು ನೋಡುತ್ತೇನೆ ಎಂದೆ, ನೋಡಿದೆ. ನನ್ನ ಅಂಗೈಗಿಂತ ತುಸು ಉದ್ದ. ಇವರು ಡಾಕ್ಟರನ್ನು ಕೇಳಿ, ಎದೆಗೆ ಹಿಡಿದುಕೊಂಡು ಹೋಗಿ ಮಹೀ ನದಿಯ ದಂಡೆಯಲ್ಲಿ ಮಣ್ಣು ಮಾಡಿ ಬಂದರು. ಪ್ಲಾಂಟಿನ ಮಾತು ಮತ್ತೆ ಆಡಿಲ್ಲ.

ನಿಮಗೆ ಹೇಳದ ಒಂದು ಮಾತಿದೆ. ಮಂಗಳವಾರದವರೆಗೆ ಹೊತ್ತು ಸಿಗಲಿಲ್ಲ. ಆ ಶುಕ್ರವಾರವೇ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ವಡೋದರಾಕ್ಕೆ ಬಂದೆವು. ಸಣ್ಣದು ಇವತ್ತೋ ನಾಳೆಯೋ ಎಂದರು. ಮುಂಬೈಯ ಡಾಕ್ಟರು ಅಂದು ಅಲ್ಲೇ ಇದ್ದರು. ಇವರು ನನ್ನ ಮುಖ ನೋಡಿ, "ನೀ ಹೇಳಿದಂಗ" ಎಂದರು. ನಾನು "ಮಾಡ್ರಿ" ಎಂದೆ. ನನ್ನ ಬಾಯಿಂದಲೇ ಬಂತು. ಶನಿವಾರ ಬೆಳಿಗ್ಗೆ ಮಾಡಿದರು. ನೀವು ನನಗೆ ಕಾಗದ ಬರೆಯುತ್ತಿದ್ದಾಗ ಇಲ್ಲಿ ಮುಗಿದಿರಬೇಕು.

ನಿಮ್ಮ ಕಾಗದ ಬುಧವಾರ ಬಂತು. ಓದಿ ದಿಂಬಿನ ಕೆಳಗೆ ಇಟ್ಟುಕೊಂಡೆ. ಅತ್ತೆ ಹೇಳಿದಳು, ಮಾಡಿದೆ ಎಂದುಕೊಂಡೆ. ದಿನಾ ಅಂದುಕೊಂಡೆ. ಅಂದು ಅಂದು ಅದೇ ನಿಜವಾಯಿತು. ಅಕ್ಟೋಬರಿನಲ್ಲಿ ಬೈದು ಬರೆಯುವಾಗ ಪೂರ್ತಿ ನಂಬಿಯೇ ಬರೆದೆ. ಬರೆದ ಮೇಲೆ ಮೊದಲ ಸಲ ನಿದ್ದೆ ಬಂತು. ನೀವು ಮಾಡದ್ದಕ್ಕೆ ನಿಮ್ಮನ್ನು ಬೈದೆ, ಹೆರಿಗೆಗೂ ಬರಗೊಡಲಿಲ್ಲ. ಮಾಡು ಎಂದವಳು ನಾನು.

ಮೊನ್ನೆ ಕೂಸು ಮೊಲೆ ಹಿಡಿದಾಗ ಅಳು ಬಂತು. ಇವರು ಹೆದರಿ ನರ್ಸನ್ನು ಕರೆದರು. ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಬೇಕೆಂದು ಅನಿಸಲೂ ಇಲ್ಲ.

ಬನ್ನಿ. ಕುಲಾವಿ ಎರಡನ್ನೂ ತನ್ನಿ. ಇನ್ನೊಂದನ್ನು ಏನು ಮಾಡುವುದೋ ಗೊತ್ತಿಲ್ಲ, ಆದರೂ ತನ್ನಿ.

ನಿಮ್ಮ ವರ್ಷಿಣಿ


ಮಣಿನಗರ, ಅಹಮದಾಬಾದ್
17 ಡಿಸೆಂಬರ್ 2003

ಚಿ. ಸೌ. ವರ್ಷಿಣಿಗೂ ಪುಟ್ಟಿಗೂ ಆಶೀರ್ವಾದಗಳು.

ನಾಳೆ ಮೊದಲ ಗಾಡಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮುಂಚೆ ನಾನೇ ಬಂದುಬಿಡಬಹುದು. ಹಾಗಾದರೆ ನಾನು ಹೋದ ಮೇಲೆ ಓದಿಕೋ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಲ್ಲವನ್ನೂ ನಿನ್ನ ಮಾಮಾ ಅವರಿಗೆ ಹೇಳಿದೆ. ವಾಕರ್ ಪಕ್ಕಕ್ಕಿಟ್ಟು ಕೂತರು. ಆಮೇಲೆ, "ಹೋಗಿ ಬಾ. ನಾ ಅವಲಕ್ಕಿ ತಿಂದು ಇರ್ತೀನಿ. ಕುಲಾವಿ ಅಂತ ಚಾಷ್ಟಿ ಮಾಡಬಾರದಾಗಿತ್ತು" ಎಂದು ಕಣ್ಣೊರೆಸಿಕೊಂಡರು. ಹಂಸಾಬೆನ್ ಅವರ ಮಗ ರಾತ್ರಿ ಇಲ್ಲೇ ಮಲಗುತ್ತಾನಂತೆ.

ನೀನು ಹೇಳಿದ್ದು ನನಗೆ ಗೊತ್ತಿತ್ತು. ಆ ಶನಿವಾರ ಮಧ್ಯಾಹ್ನ ಅನಿರುದ್ಧ ಕೆಳಗಿನ ಮನೆಗೆ ಫೋನು ಮಾಡಿದ. "ಅಮ್ಮಾ, ಆತು. ಆಕಿನೇ ಮಾಡ್ರಿ ಅಂದ್ಲು" ಅಂದ. ಫೋನು ಮಾಡಿದ್ದನ್ನು ನಿನಗೆ ಹೇಳಕೂಡದೆಂದು ಅವನಿಂದ ಮಾತು ತೆಗೆದುಕೊಂಡೆ. ಮೇಲೆ ಬಂದರೆ ಬೆಳಿಗ್ಗೆ ಬರೆದ ಕಾಗದ ಒಲೆಕಟ್ಟೆಯ ಮೇಲೆ ಹಾಗೆಯೇ ಇತ್ತು, ಲಕೋಟೆಗೆ ಇನ್ನೂ ಅಂಟು ಹಚ್ಚಿರಲಿಲ್ಲ. ಅಂಟು ಹಚ್ಚಿದೆ. ಸಂಜೆ ಸ್ಟೇಷನ್ ಹತ್ತಿರದ ಅಂಚೆ ಡಬ್ಬಿಗೆ ನಾನೇ ಹೋಗಿ ಹಾಕಿ ಬಂದೆ.

ಎರಡೂ ಕುಲಾವಿ ಚೀಲದಲ್ಲಿ ಇಟ್ಟಿದ್ದೇನೆ.

ಸುಲೋಚನಾ